ತಪಕೀರ ಬಯಲಿನ ಶುದ್ಧಿ

ಕೆಲಸ ಆರಂಭಿಸುವ ಹೊತ್ತಿನಲ್ಲಿ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ನಿಲ್ಲಿಸಿ, ಕೂತು, ನೀರು ಕುಡಿದು, ಮತ್ತೆ ಆರಂಭಿಸತಕ್ಕದ್ದು ಎಂಬುದು ನಮ್ಮ ಭಾಗದ ಸರ್ವಸಮ್ಮತ ಪದ್ಧತಿ. ಜೋಡಿ ಸೀನಾದರೆ ಅಡ್ಡಿಯಿಲ್ಲ, ಶುಭವೇ. ಭೂಶುದ್ಧಿ ಸಮಿತಿಯ ಕಾರ್ಯದರ್ಶಿ ಲಗಮಣ್ಣನಾದ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಮ್ಮನ್ನು ಯಾರೂ ಮೈಗಳ್ಳರು ಅನ್ನಬಾರದು ನೋಡ್ರಿ.

ನಿಪ್ಪಾಣಿ–ಚಿಕ್ಕೋಡಿ ದಾರಿಯ ನಮ್ಮೂರಿನ ನಡುಮಧ್ಯೆ ಒಂದು ಬಯಲಿದೆ. ಹಿಂದೆ ಅಲ್ಲಿ ತಪಕೀರು, ಅಂದರೆ ನಶ್ಯ, ಕುಟ್ಟುವ ಕಾರಖಾನೆಯಿತ್ತು. ಕಾರಖಾನೆ ಮುಚ್ಚಿತು, ಪುಡಿ ಮಣ್ಣಿನಲ್ಲಿ ಉಳಿಯಿತು. ಅಲ್ಲಿ ಮೇಯ್ದ ಆಡು ಸಂಜೆತನಕ ತೂರಾಡುತ್ತದೆ. ಎದುರಿಗೇ ಅಂಗನವಾಡಿ. ಮಕ್ಕಳಿಗೆ ಆಡಲು ಉಳಿದದ್ದು ರಸ್ತೆ ಮಾತ್ರ.

"ಕಬ್ಬಿನ ಹಂಗಾಮ ಸುರು ಆಗೂದ್ರಾಗ ಬಯಲ ಸ್ವಚ್ಛ ಮಾಡಿಕೊಡ್ರಿ," ಎಂದು ಅಂಗನವಾಡಿಯ ಸಾವಿತ್ರೆವ್ವ ಕೇಳಿಕೊಂಡರು. "ಹ್ವಾದ ವರ್ಷ ಕಬ್ಬಿನ ಟ್ರಾಲಿ ಒಂದ ಕೂಸಿನ ಚಪ್ಪಲಿ ಮ್ಯಾಲ ಹೋತು. ಕೂಸು ಒಂದ ಹೆಜ್ಜಿ ಮುಂದ ಇತ್ತಂತ ಉಳೀತು. ನನಗ ಇನ್ನೂ ನಿದ್ದಿ ಹತ್ತವಲ್ದು."

ಸಮಿತಿ ತಕ್ಷಣ ಭೂಮಿಪೂಜೆ ಇಟ್ಟಿತು. ಅಧ್ಯಕ್ಷ ಉತ್ತಮ ಸಾಹೇಬರು ಗುದ್ದಲಿ ಎತ್ತಿದರು. ಸೀನಿದರು. ಒಂದೇ ಸೀನು. ಎಲ್ಲರೂ ಕೂತೆವು, ನೀರು ಕುಡಿದೆವು. ಮತ್ತೆ ಎತ್ತಿದರು. ಈ ಸಲ ಗುತ್ತಿಗೆದಾರ ಲಖನ ಸೀನಿದ. ಸಂಜೆಗೆ ಒಂದು ಟ್ಯಾಂಕರ್ ನೀರು ಮುಗಿದಿತ್ತು, ಹಿಡಿ ಮಣ್ಣೂ ಎದ್ದಿರಲಿಲ್ಲ. ಕೂತದ್ದಕ್ಕೂ ಲಖನ ಬಿಲ್ಲು ಹಚ್ಚಿದ. ಕೂರುವುದು ಪದ್ಧತಿಯ ಪ್ರಕಾರ ಕೆಲಸದ್ದೇ ಭಾಗವಾದ್ದರಿಂದ ಮಂಜೂರು ಮಾಡಿದೆವು.

ನಂತರ ಈ ಪ್ರಕಟಣೆ ಹೊರಡಿಸಿದೆ: "ಪೂರಕ ಸೀನುಗಾರರ ಹುದ್ದೆಗೆ ಅರ್ಜಿ ಕರೆಯಲಾಗಿದೆ. ಒಂಟಿ ಸೀನು ಸಂಭವಿಸಿದ ಕೂಡಲೇ ಎರಡನೆಯದನ್ನು ಸೀನಿ ಜೋಡಿ ಮಾಡತಕ್ಕದ್ದು. ಕಾಯಂ ನೆಗಡಿಯುಳ್ಳವರಿಗೆ ಆದ್ಯತೆ. ಅಭ್ಯರ್ಥಿಗಳು ಮೂಗಿನೊಂದಿಗೆ ಖುದ್ದಾಗಿ ಹಾಜರಾಗಬೇಕು."

ಅಧ್ಯಕ್ಷರ ಹೆಂಡತಿಯ ತಮ್ಮ ಮಾಳೇಶ ಆಯ್ಕೆಯಾದ. ಪೂರ್ತಿ ಅರ್ಹತೆಯ ಮೇಲೆಯೇ. ಮೊದಲ ದಿನ ಅಧ್ಯಕ್ಷರು ಸೀನಿದರು, ಮಾಳೇಶ ಜೋಡಿ ಮಾಡಿದ, ಜನ ಚಪ್ಪಾಳೆ ತಟ್ಟಿ ಕುಣಿದರು. ಕುಣಿತಕ್ಕೆ ಧೂಳೆದ್ದು ಲಖನ ಮೂರನೆಯದು ಸೀನಿದ. ಮೂರನ್ನು ಜೋಡಿಯ ಲೆಕ್ಕಕ್ಕೆ ಸೇರಿಸಬೇಕೋ, ಜೋಡಿಯ ಮೇಲೆ ಮತ್ತೊಂದು ಒಂಟಿ ಎನ್ನಬೇಕೋ? ಉತ್ತರ ಬರುವತನಕ ಕೆಲಸ ನಿಲ್ಲಿಸಿ, ಮೇಲಿನ ಕಚೇರಿಗೆ ಸ್ಪಷ್ಟನೆ ಕೇಳಿ ಬರೆದೆ. ಉತ್ತರ ನಿರೀಕ್ಷೆಯಲ್ಲಿದೆ.

"ಮೂಗಿಗೆ ಅರಿವಿ ಕಟಗೊಂಡು, ನೆಲಕ್ಕ ನೀರ ಹೊಡದ ಅಗದ್ರ ಮುಗೀತಲ್ರಿ?" ಎಂದರು ಸಾವಿತ್ರೆವ್ವ.

"ಅಕ್ಕಾರ, ನೀರು ಸೀನಿದವ್ರಿಗೆ ಕುಡ್ಯಾಕ ಮಂಜೂರ ಆಗೈತ್ರಿ. ನೆಲಕ್ಕಲ್ಲ."

ದೀಪಾವಳಿ ಬಂತು. ಸಕ್ಕರೆ ಕಾರಖಾನೆಯ ಚಿಮಣಿ ಹೊಗೆ ಬಿಡಲು ಸುರುಮಾಡಿದ ದಿನ ಸಾವಿತ್ರೆವ್ವ ಸಭೆಗೇ ನುಗ್ಗಿದರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಲಗಮಣ್ಣಾರ, ಸೀನು ಅಡ್ಡ ಬರೂದು ಕೆಲಸ ಸುರು ಮಾಡಾಕ ಅಷ್ಟ, ಹೌದಲ್ರಿ?"

"ಹೌದ್ರಿ."

"ಮುಗಸಾಕ?"

ಯೋಚಿಸಿದೆ. "ಮುಗಸಾಕ ಏನೂ ಅಡ್ಡಿಲ್ರಿ."

"ಹಂಗಾರ ಸುರು ಮಾಡಬ್ಯಾಡ್ರಿ. ಮುಗಿಸೇ ಬಿಡ್ರಿ!"

"ಅಬಾಬಾಬಾ!" ಅಧ್ಯಕ್ಷರು ಮೇಜು ಗುದ್ದಿದರು. "ಇದು ನಮಗ್ಯಾಕ ಹೊಳೀಲಿಲ್ಲಲೇ?"

ಮುಂದಿನ ಸೋಮವಾರವೇ ಸಮಾಪ್ತಿ ಸಮಾರಂಭ ಜರುಗಿತು. ಅಧ್ಯಕ್ಷರು ಸೀನುತ್ತಲೇ ಟೇಪು ಕತ್ತರಿಸಿದರು. ಲಖನನ ಕೊನೆಯ ಬಿಲ್ಲು ಪಾಸಾಯಿತು. ಮಾಳೇಶನಿಗೆ ಶಾಲು ಹೊದಿಸಲಾಯಿತು, ಅವನು ಅದರಲ್ಲೇ ಸೀನಿದ. ಬಯಲಿನ ಗೇಟಿನ ಕೀಲಿ ಸಾವಿತ್ರೆವ್ವನ ಕೈಗೆ ಬಂತು.

ಮರುದಿನ ಅವರು ಮಕ್ಕಳ ತಾಯಂದಿರನ್ನೆಲ್ಲ ಕರೆದುಕೊಂಡು ಕಸ ಹೊಡೆಯಲು ಬಂದರು. ಕಸ ಹೊಡೆಯುವುದಕ್ಕೆ ಯಾರೂ ಮುಹೂರ್ತ ನೋಡುವುದಿಲ್ಲ, ಯಾರು ಸೀನಿದರೂ ನಿಲ್ಲಿಸುವುದಿಲ್ಲ. ತಾಯಂದಿರ ಪೈಕಿ ಮಸರತ ತನ್ನ ಓಢಣಿಯನ್ನೂ ಶೇವಂತಾ ತನ್ನ ಸೆರಗನ್ನೂ ಮೂಗಿಗೆ ಬಿಗಿದುಕೊಂಡು ನೀರು ಚಿಮುಕಿಸುತ್ತಿದ್ದರು. ಉಳಿದವರ ಕೈಯಲ್ಲಿ ಸಲಿಕೆ.

"ಕಸ ಹೊಡ್ಯಾಕ ಸಲಿಕಿ ಯಾಕ್ರಿ?" ಎಂದೆ.

"ಕಸ ದಪ್ಪ ಐತ್ರಿ," ಎಂದರು ಸಾವಿತ್ರೆವ್ವ.

ಮೊಣಕಾಲುದ್ದ ದಪ್ಪವಿತ್ತು. ಅಷ್ಟನ್ನೂ ಗುಡಿಸಿದರು! ಮೊಮ್ಮಗಳು ಅಲ್ಲೇ ಅಂಗನವಾಡಿಗೆ ಬರುವುದರಿಂದ ಫಕ್ರುದ್ದೀನ ಚಾಚಾ ಬೇಡಕಿಹಾಳದ ತಮ್ಮ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಒಳ್ಳೆಯ ಮಣ್ಣು ತಂದು ಸುರಿದರು. ರಸ್ತೆಯಲ್ಲಿ ಕಬ್ಬಿನ ಟ್ರಾಲಿಗಳು ಸಾಲುಗಟ್ಟುವಷ್ಟರಲ್ಲಿ ಮಕ್ಕಳು ಗೇಟಿನ ಒಳಗೆ ಉರುಳಾಡುತ್ತಿದ್ದವು. ಖರೇ ಹೇಳತೀನಿ, ನನಗೂ ಬಾಳ ಖುಷಿ ಆತು.

ನಿಯಮದಂತೆ ಸಾರ್ವಜನಿಕ ಕಸವನ್ನು ಸಮಿತಿಗೇ ಒಪ್ಪಿಸಬೇಕು. ಹೆಂಗಸರು ಅದನ್ನು ನಮ್ಮ ಕಚೇರಿಯ ಕಿಟಕಿಯ ಕೆಳಗೆ ಒಪ್ಪಿಸಿಹೋದರು. ಅಂದಿನಿಂದ ಇಲ್ಲಿ ಯಾರು ಯಾವ ಫೈಲು ಬಿಚ್ಚಿದರೂ ಒಬ್ಬರು ಸೀನುತ್ತಾರೆ, ಮಾಳೇಶ ಜೋಡಿ ಮಾಡುವಷ್ಟರಲ್ಲಿ ಮತ್ತೊಬ್ಬರು. ಕೂರುತ್ತೇವೆ, ನೀರು ಕುಡಿಯುತ್ತೇವೆ. ಮಾಳೇಶನ ಹುದ್ದೆ ಕಾಯಂ ಆಗಿದೆ. ಕಚೇರಿಯ ಕೆಲಸ ಹೀಗೆ ನಿಂತದ್ದರಿಂದ ಸಾರ್ವಜನಿಕರಿಗೆ ತೊಂದರೆಯಾಗಿದೆಯೇ ಎಂದು ಮೊನ್ನೆ ಬಯಲಿನ ಗೇಟಿನ ಹತ್ತಿರ ನಿಂತು ಖುದ್ದಾಗಿ ವಿಚಾರಿಸಿದೆ.

"ಯಾವಾಗಿಂದ ನಿಂತೈತ್ರಿ?" ಎಂದರು ಫಕ್ರುದ್ದೀನ ಚಾಚಾ. "ನಮಗ ಏನೂ ಫರಕ ಗೊತ್ತಾಗಿಲ್ರಿ."