ನಲವತ್ತು ನಿಮಿಷ ಮುಂದಿರುವ ಗಡಿಯಾರವನ್ನು ನಂಬಿದ ತಂತ್ರಾಂಶಕ್ಕೆ

ಮಾನ್ಯ ಸಿಂಕ್ ತಂತ್ರಾಂಶದವರ ಘನ ಸನ್ನಿಧಿಗೆ,

ಅಮ್ಮನ ಫೋನು, ಮನೆ ಪಕ್ಕದ ಅವರ ಹೊಲಿಗೆ ಅಂಗಡಿಯ ಕಂಪ್ಯೂಟರು, ನನ್ನ ಮುರುಕು ಲ್ಯಾಪ್‌ಟಾಪು, ಹೀಗೆ ಮೂರು ಕಡೆ ಏಕಕಾಲಕ್ಕೆ ನೆಲೆಸಿರುವ ತಮಗೆ ಮೂರು ನಮಸ್ಕಾರಗಳು. ಯಾವ ಕಂಪನಿಯ ಕ್ಲೌಡಿಗೂ ಕೈಯೊಡ್ಡದೆ, ನಡುವೆ ದಲ್ಲಾಳಿಯಿಲ್ಲದೆ, ಮನೆಯ ವೈಫೈನಲ್ಲೇ ಕಡತಗಳನ್ನು ಎಲ್ಲೆಡೆ ಒಂದೇ ಆಗಿಡುವ ತಮ್ಮನ್ನು ಕಂಡು, ಕರಪತ್ರಗಳಲ್ಲಷ್ಟೇ ಓದಿದ್ದ ಸಮಾನತೆ ಕೊನೆಗೂ ನಮ್ಮ ಹೊಸ್ತಿಲು ದಾಟಿತೆಂದು ಹಿಗ್ಗಿ, ಅಮ್ಮನ ಇಪ್ಪತ್ತೆರಡು ವರ್ಷಗಳ ಗಿರಾಕಿಗಳ ಅಳತೆಪಟ್ಟಿಯನ್ನು ತಮ್ಮ ಮಡಿಲಿಗೆ ಹಾಕಿದವಳು ನಾನೇ.

ತಮ್ಮ ನ್ಯಾಯ ಸರಳ: ಎರಡು ಪ್ರತಿಗಳಲ್ಲಿ ಯಾವುದರ ಸಮಯ ಈಚಿನದೋ ಅದು ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ. ಆದರೆ ಅಮ್ಮ, ಸಂಜೆ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಲೆಂದು, ಅಂಗಡಿಯ ಕಂಪ್ಯೂಟರಿನ ಗಡಿಯಾರವನ್ನು ನಲವತ್ತು ನಿಮಿಷ ಮುಂದಿಟ್ಟಿದ್ದಾರೆ. ದೂರದ ಯಾವುದೋ ಕಂಪನಿಯ ಗಡಿಯಾರಕ್ಕೆ ನಾವೇಕೆ ತಲೆಬಾಗಬೇಕೆಂದು, ಅದು ತಾನಾಗಿ ಸರಿಹೋಗುವ ವ್ಯವಸ್ಥೆಯನ್ನು ಕಿತ್ತುಹಾಕಿದ ಕ್ರಾಂತಿಕಾರಿಯೂ ನಾನೇ.

ಕಳೆದ ಸೋಮವಾರ ನಾಲ್ಕೂ ಮುಕ್ಕಾಲಿಗೆ ಅಮ್ಮ ಅಂಗಡಿಯಲ್ಲಿ ಪಟ್ಟಿಯನ್ನು ಉಳಿಸಿದಾಗ ಅದಕ್ಕೆ ಐದು ಇಪ್ಪತ್ತೈದರ ಮೊಹರು ಬಿತ್ತು. ಐದು ಗಂಟೆಗೆ ಮನೆಗೇ ಬಂದ ಬ್ಯಾಂಡ್ ಮಾಸ್ಟರರ ಹೊಟ್ಟೆ ಮೂವತ್ತೆಂಟರಿಂದ ನಲವತ್ನಾಲ್ಕು ಇಂಚಿಗೆ ಏರಿರುವುದನ್ನು ಅಮ್ಮ ತಮ್ಮ ಫೋನಿನಲ್ಲಿ ಬರೆದುಕೊಂಡರು. ತಾವು ಸತ್ಯ ನುಡಿದ ಫೋನನ್ನು ಹಿಂದುಳಿದದ್ದೆಂದು ತಿದ್ದಿ, ಮುಂದಿದ್ದೇನೆಂದು ಹೇಳಿಕೊಂಡ ಕಂಪ್ಯೂಟರಿಗೇ ಪಟ್ಟ ಕಟ್ಟಿದಿರಿ. ಆಡಳಿತದಲ್ಲಿ ತಮಗೆ ಉಜ್ವಲ ಭವಿಷ್ಯವಿದೆ.

ಕೋಟು ಮೂವತ್ತೆಂಟಕ್ಕೇ ಕತ್ತರಿಸಲ್ಪಟ್ಟಿತು. ಮಾಸ್ಟರರು ಉಸಿರು ಬಿಗಿಹಿಡಿದು, "ಅಮ್ಮಾ, ಇದು ನಂದಾ, ನನ್ನ ಮಗಂದಾ?" ಎಂದರು. "ಕ್ಲೌಡ್‌ಗೆ ಹಾಕಿಬಿಡಿ ಅತ್ತೆ, ಇವಳ ಸಿದ್ಧಾಂತಕ್ಕೆ ಗುಂಡಿ ಹಾಕೋಕಾಗಲ್ಲ" ಎಂದು ಭಾವ ನಕ್ಕರು. ಅಮ್ಮ ಬೈಯಲಿಲ್ಲ. "ಇಷ್ಟು ವರ್ಷದಲ್ಲಿ ನನ್ನ ಕತ್ತರಿಗೆ ಯಾರೂ ಒಂದು ಮಾತು ಅಂದಿರ್ಲಿಲ್ಲ" ಎಂದಷ್ಟೇ ಹೇಳಿ, ಕೋಟಿನ ಹೊಲಿಗೆ ಬಿಚ್ಚತೊಡಗಿದರು.

ಆದುದರಿಂದ ತಮ್ಮಲ್ಲಿ ವಿನಮ್ರ ಕೋರಿಕೆ: ಭಾನುವಾರದ ವಾದ್ಯಗೋಷ್ಠಿಯೊಳಗೆ ಮಾಸ್ಟರರ ಹೊಟ್ಟೆಯನ್ನೇ ಮೂವತ್ತೆಂಟಕ್ಕೆ ಸಿಂಕ್ ಮಾಡಿಕೊಡಬೇಕು. ಅದು ತಮ್ಮ ವ್ಯಾಪ್ತಿಗೆ ಬಾರದಿದ್ದರೆ, ಅಮ್ಮನ ಮನಸ್ಸಿನಲ್ಲಿ ನನ್ನ ಬಗ್ಗೆ ಇದ್ದ ಕಳೆದ ಭಾನುವಾರದ ಪ್ರತಿಯನ್ನಾದರೂ ಹುಡುಕಿ ಮರಳಿಸಬೇಕು.

ಇಷ್ಟಾದರೂ ಕ್ಲೌಡಿನತ್ತ ತಲೆಯೆತ್ತದ,
ತಮ್ಮ ವಿಶ್ವಾಸಿ,
ಟೈಲರಮ್ಮನ ಕಿರಿಮಗಳು

ತಾ.ಕ.: ಗಡಿಯಾರವನ್ನು ಮುಟ್ಟಕೂಡದು, ಭಾವ ಹೇಳಿದ ಕ್ಲೌಡೂ ಬೇಡ ಎಂದು ಅಮ್ಮ ತೀರ್ಪಿತ್ತಿದ್ದಾರೆ. ಇಂದಿನಿಂದ ಮನೆಯಲ್ಲಿ ತೆಗೆದ ಅಳತೆಯನ್ನು ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ದು, ಅವರೆದುರೇ ಎರಡು ಸಲ ಓದಿ ಹೇಳುವ ಕೆಲಸ ನನ್ನದು. ತಮ್ಮಷ್ಟು ವೇಗ ನನಗಿಲ್ಲ. ಆದರೆ ಅನುಮಾನ ಬಂದರೆ ನಾನು ಕೇಳುತ್ತೇನೆ.