ತಪ್ಪು ಡಬ್ಬದ್ದು, ಕಣ್ಣಿನದಲ್ಲ

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ದಿನಕ್ಕೊಂದಾದರೂ ನಗುವ ಪ್ರಸಂಗ ಒದಗುತ್ತದೆ. ನಗುವ ಮನಸ್ಸು ಮಾತ್ರ ಒದಗುವುದಿಲ್ಲ. ತುಮಕೂರಿನ ಸದಾಶಿವನಗರದಲ್ಲಿ ನಾನು ಅಂಗಡಿ ತೆರೆದು ಹದಿನೆಂಟು ವರ್ಷವಾಯಿತು. ಬಂದವರೆಲ್ಲ ಕೇಳುವುದು ಒಂದೇ: "ಸಾರ್, ಈ ಗೇಮು ನಮ್ಮ ಸಿಸ್ಟಂನಲ್ಲಿ ಫುಲ್ ಗ್ರಾಫಿಕ್ಸಲ್ಲಿ ಓಡುತ್ತಾ?" ನಾನು ಹೇಳುವುದೂ ಒಂದೇ: "ಓಡಲ್ಲ." ಕೇಳಿದವರ ಮುಖ ಸಪ್ಪಗಾಗುತ್ತದೆ. ದಿನವಿಡೀ ಅಂಥ ಮುಖಗಳನ್ನು ನೋಡಿ ನೋಡಿ ನನ್ನದೂ ಹಾಗೇ ಆಗಿದೆ ಅಂತ ನನ್ನ ಹೆಂಡತಿಯ ದೂರು. ಇಷ್ಟು ವರ್ಷದಲ್ಲಿ "ಓಡಲ್ಲ" ಅಂದಾಗ ಖುಷಿಪಟ್ಟ ಗಿರಾಕಿ ಒಬ್ಬರೇ. ಅವರು ಚೇಳೂರಿನವರು, ಬಸ್ ಡ್ರೈವರ್ ಆಗಿದ್ದವರು.

೧. ಓಡಲ್ಲ ಅಂದಿದ್ದಕ್ಕೆ ಕಾಫಿ

ಅವರು ಸಿಪಿಯು ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಬಾನೆಟ್ ಮೇಲೆ ಇಟ್ಟುಕೊಂಡು ಬಂದಿದ್ದರು. ಮಗಳು ಓದುವಾಗ ಕೊಂಡ ಹಳೇ ಡಬ್ಬ ಅದು. ಅವರ ಕಥೆಯನ್ನು ಅವರೇ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ತಪಾಸಣೆಯಲ್ಲಿ ಫೇಲಾಗಿ, ಸ್ಟೇರಿಂಗ್‌ನಿಂದ ಇಳಿಸಿಬಿಟ್ಟಿದ್ದರು. ಹೋದ ದೃಷ್ಟಿ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ದರು. ಇವರು ಅದನ್ನು ಒಪ್ಪಿರಲಿಲ್ಲ. ಆಟದ ಸ್ಟೇರಿಂಗ್ ಒಂದನ್ನು ತಂದು ಮನೆಯಲ್ಲೇ ಬಸ್ ಗೇಮ್ ಶುರು ಮಾಡಿದ್ದರು.

"ರಸ್ತೆ ಮಸುಕು ಮಸುಕಾಗಿ ಕಾಣ್ತದೆ ಕಣಯ್ಯಾ. ಡಬ್ಬ ತಡೀತಾ ಇಲ್ವಾ, ಇಲ್ಲ ನಂದೇ ಏನಾರ ಐತಾ, ನೋಡಿ ಹೇಳು."

ಬಿಚ್ಚಿ ನೋಡಿದೆ. ಗ್ರಾಫಿಕ್ಸ್ ಕಾರ್ಡೇ ಇಲ್ಲ, ರ‍್ಯಾಮ್ ಸಾಲದು, ಫ್ಯಾನಿನಲ್ಲಿ ಜೇಡರ ಸಂಸಾರ. "ಇದರಲ್ಲಿ ಆ ಗೇಮು ಸರಿಯಾಗಿ ಓಡಲ್ಲ, ಕಾಣಲ್ಲ ಯಜಮಾನ್ರೇ," ಅಂದೆ.

ಮನುಷ್ಯ ಹತ್ತು ವರ್ಷ ಚಿಕ್ಕವರಾದರು. "ಹಂಗಾರೆ ತಪ್ಪು ಡಬ್ಬದ್ದು! ತಡಿ, ನಮ್ಮನೆಯವ್ಳಿಗೆ ಫೋನ್ ಹಾಕ್ತೀನಿ, ಅದನ್ನೇ ಇನ್ನೊಂದ್ಸಲ ಜೋರಾಗಿ ಹೇಳು."

ಹೇಳಿದೆ. ಆ ಕಡೆಯಿಂದ ಆಕೆ, "ಡಾಕ್ಟ್ರು ಹಂಗಂದಿಲ್ವಲ್ಲಪ್ಪಾ?" ಅಂದರು.

"ಡಾಕ್ಟ್ರುಗೆ ಕಂಪ್ಯೂಟ್ರು ಬಗ್ಗೆ ಏನ್ ಗೊತ್ತು, ಮಡಗು!" ಅಂತ ಇವರು ಫೋನ್ ಕತ್ತರಿಸಿ, ನನಗೆ ಕಾಫಿ ಕೊಡಿಸಿದರು. ಕೆಟ್ಟ ಸುದ್ದಿ ಹೇಳಿ ನಾನು ಕುಡಿದ ಮೊದಲ ಕಾಫಿ ಅದು.

೨. ಗುಬ್ಬಿ ಸಂತೆಯ ಸುಣ್ಣ

ರ‍್ಯಾಮ್ ಹಾಕಿ ಕಳಿಸಿದೆ. ಸ್ವಲ್ಪ ದಿನಕ್ಕೇ ಫೋನು: ಗುಬ್ಬಿ ದಾಟುವಷ್ಟರಲ್ಲಿ ಗಾಡಿ ಆಫ್ ಆಗುತ್ತದಂತೆ. ಗೇಮಿನಲ್ಲಿ ಗುಬ್ಬಿ ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ. ಯಾವ ರಸ್ತೆ ಕೊಟ್ಟರೂ ಅವರು ಓಡಿಸುತ್ತಿದ್ದುದು ಚೇಳೂರು–ತುಮಕೂರು ರೂಟೇ.

"ಬಿಸಿ ಆಗ್ತಿದೆ ಯಜಮಾನ್ರೇ. ಚಿಪ್ಪಿಗೂ ಫ್ಯಾನಿಗೂ ನಡುವೆ ಬಿಳೀ ಪೇಸ್ಟ್ ಇರುತ್ತೆ, ಅದು ಒಣಗಿರಬೇಕು. ನಾನೇ ಬಂದು ಹಚ್ತೀನಿ."

"ಬಿಳೀದಾ? ಬುಡು, ನಾನೇ ಹಚ್ಕೋತೀನಿ. ನಡುದಾರೀಲಿ ಇಂಜಿನ್ ಬಿಚ್ಚಿ ಜೋಡಿಸಿದೋನು ನಾನು."

ಮೂರನೇ ದಿನ ಡಬ್ಬ ಉಸಿರೇ ಬಿಡುತ್ತಿಲ್ಲ ಅಂತ ಕರೆದರು. ನಾನು ಚೇಳೂರಿಗೆ ಹೋದೆ. ಫ್ಯಾನ್ ಎತ್ತಿದರೆ ಚಿಪ್ಪಿನ ಮೇಲೆ ಗಟ್ಟಿಯಾಗಿ ಮೆತ್ತಿದ್ದ ಸುಣ್ಣ. ಅವರ ಎಲೆಅಡಿಕೆ ಡಬ್ಬಿಯದು. ಒಣಗಿ, ಬಿರುಕು ಬಿಟ್ಟು, ಗೋಡೆಗೆ ಬಳಿದಂತೆ ಕೂತಿತ್ತು. ಕೆರೆದು ತೆಗೆಯುವುದಕ್ಕೆ ನನಗೆ ಒಂದು ಗಂಟೆ ಹಿಡಿಯಿತು.

"ಗುಬ್ಬಿ ಸಂತೆ ಸುಣ್ಣ ಕಣಯ್ಯಾ, ಒಳ್ಳೇದು," ಅಂತ ಅವರು ಸಮಜಾಯಿಷಿ ಕೊಟ್ಟರು.

ಅವರ ಹೆಂಡತಿ ಬಾಗಿಲಲ್ಲಿ ನಿಂತು, "ನಾಲ್ಗೆ ಸುಡೋ ಸುಣ್ಣ ಅದನ್ನ ತಣ್ಣಗೆ ಮಾಡ್ತದಾ?" ಅಂದರು.

"ಸುಮ್ಕಿರು. ನಾನೇನು ಹೊಗೆಸೊಪ್ಪು ಹಾಕಿದ್ನಾ?"

೩. ಖಾಲಿ ಗಾಡಿ

ಅದೃಷ್ಟಕ್ಕೆ ಚಿಪ್ಪು ಬದುಕಿತು. ಡಬ್ಬಕ್ಕೆ ಭಾರವಾಗದಿರಲಿ ಅಂತ ಗೇಮಿನ ಗ್ರಾಫಿಕ್ಸ್ ಪೂರ್ತಿ ಇಳಿಸಿಕೊಟ್ಟೆ. ಹಾಗೆ ಇಳಿಸಿದರೆ ಗೇಮು ಸಲೀಸಾಗಿ ಓಡುತ್ತದೆ, ಆದರೆ ಮರಗಳು ಮಾಯ, ರಸ್ತೆ ಬದಿಯ ಜನವೂ ಮಾಯ.

ಅವರು ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಓಡಿಸಿದರು. ಒಂದೊಂದು ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆರೆದು, ಕಾದು, ಮುಚ್ಚಿದರು. ಯಾರೂ ಹತ್ತಲಿಲ್ಲ. ಐದನೇ ಸ್ಟಾಪಿಗೆ ಕೈ ಬಿಟ್ಟು ಕೂತರು. "ಏನಯ್ಯಾ ಇದು, ಊರಿಗೂರೇ ಗುಳೆ ಹೋಗೈತಾ? ಜನಾನ ವಾಪಸ್ ಕರ್ಸು. ಒಳ್ಳೇ ಕಾರ್ಡ್ ಹಾಕು. ಎಲ್ಲಾ ನಿಚ್ಚಳವಾಗಿ ಕಂಡ್ರೆ ಡಾಕ್ಟ್ರು ಮುಖಕ್ಕೆ ಹೇಳಿ ಬತ್ತೀನಿ."

ನಾನು ಹೊರಟಾಗ ಆಕೆ ಗೇಟಿನ ತನಕ ಬಂದರು. ಒಳಗೆ ಕೇಳಿಸದ ಹಾಗೆ, "ಸರಿ ಮಾಡ್ಬ್ಯಾಡ ಕಣಪ್ಪಾ," ಅಂದರು. "ಡಬ್ಬ ಕೆಟ್ಟೈತೆ ಅಂತ್ಲೇ ಇರ್ಲಿ. ಅದು ಸರಿಹೋದ ದಿನ ಅವ್ರಿಗೆ ಬೇರೆ ಏನೂ ಉಳಿಯಲ್ಲ."

ಡಬ್ಬ ತಡೆಯುವುದಿಲ್ಲ ಅನ್ನುವುದೇ ಆ ಮನುಷ್ಯನ ಆಸೆ; ನಾನು ಒಂದೊಂದು ಭಾಗ ಸರಿ ಮಾಡಿದಂತೆಲ್ಲ ಅದನ್ನೇ ಕಿತ್ತುಕೊಳ್ಳುತ್ತಿದ್ದೆ. ನೆಟ್ಟಗೆ ರಿಪೇರಿ ಮಾಡಲ್ಲ ಅಂತ ಹದಿನೆಂಟು ವರ್ಷ ಬೈಸಿಕೊಂಡಿದ್ದೇನೆ. ಮಾಡಬೇಡ ಅಂತ ಕೈಮುಗಿದವರು ಆಕೆ ಒಬ್ಬರೇ. "ಆ ಕೆಲಸ ನನಗೆ ಚೆನ್ನಾಗಿ ಬರುತ್ತೆ, ನೀವು ಯೋಚನೆ ಮಾಡಬೇಡಿ ಅಕ್ಕಾ," ಅಂತ ಧೈರ್ಯ ಹೇಳಿ ಬಂದೆ.

೪. ಫುಲ್ ಗ್ರಾಫಿಕ್ಸ್

ಆಮೇಲೆ ಅವರು ಫೋನ್ ಮಾಡಿದಾಗಲೆಲ್ಲ ಕಾರ್ಡ್ ಸಿಗುತ್ತಿಲ್ಲ ಅಂತ ಸುಳ್ಳು ಹೇಳಿದೆ. ಆದರೆ ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಿರುವ ಮಗಳಿಗೆ ಅಮ್ಮನ ಈ ಒಪ್ಪಂದ ಗೊತ್ತಿರಲಿಲ್ಲ. ಕುಣಿಗಲ್‌ನಲ್ಲಿ ಗೇಮಿಂಗ್ ಸೆಂಟರೊಂದು ಮುಚ್ಚುತ್ತಿತ್ತು. ಅಪ್ಪನ ಆಸೆ ತೀರಲಿ ಅಂತ ಅಲ್ಲಿನ ಅತಿ ದೊಡ್ಡ ಕಾರ್ಡ್ ಇದ್ದ ಮಷೀನನ್ನೇ ತಂದು ಚೇಳೂರಿನ ಮನೆಯಲ್ಲಿಟ್ಟಳು. ಜೋಡಿಸಲು ನನ್ನನ್ನು ಕರೆದಳು. ನೆಪ ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಎಲ್ಲವನ್ನೂ ತುತ್ತತುದಿಗೆ ಏರಿಸಿದೆ. ಸ್ಕ್ರೀನಿನಲ್ಲಿ ಸುಡುವ ನಡುಮಧ್ಯಾಹ್ನ. ದೂರದ ಮೈಲಿಗಲ್ಲು ಬಾಗಿಲ ಬಳಿ ನಿಂತಿದ್ದ ನನಗೇ ಓದಲು ಬರುತ್ತಿತ್ತು. ಅವರು ಖಾಕಿ ಅಂಗಿ ಹಾಕಿಕೊಂಡು ಬಂದು, ಸ್ಟೇರಿಂಗಿಗೆ ಕೈಮುಗಿದು ಕೂತರು. ಹೆಂಡತಿ ನನ್ನ ಮುಖ ನೋಡಿದರು. ನಾನು ಡಬ್ಬದ ಮುಖ ನೋಡಿದೆ. ಎಂದೂ ಇಲ್ಲದ ಭಕ್ತಿಯಿಂದ, ಹ್ಯಾಂಗ್ ಆಗಲಿ ದೇವರೇ ಅಂತ ಬೇಡಿಕೊಂಡೆ. ಅದು ಬೆಣ್ಣೆಯಂತೆ ಓಡಿತು.

ಬಸ್ಸು ಒಂದು ಫರ್ಲಾಂಗು ಹೋಯಿತು. ನಿಧಾನವಾಯಿತು. ಎಡಕ್ಕೆ ಸರಿದು, ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಯಜಮಾನರು ಹೆಡ್‌ಲೈಟ್ ಹಾಕಿದರು. ಎರಡೂ ಕಡೆಯ ಇಂಡಿಕೇಟರ್ ಹಾಕಿದರು. ಸ್ಟೇರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತರು.

"ಯಾಕಪ್ಪಾ ನಿಲ್ಲಿಸ್ದೆ?" ಮಗಳು ಕೇಳಿದಳು.

"ಮಂಜು ಕಣವ್ವಾ," ಅಂದರು. "ಮುಂದೆ ಏನೂ ಕಾಣ್ತಿಲ್ಲ. ಇಂಥದ್ರಲ್ಲಿ ಗಾಡಿ ಓಡಿಸ್ಬಾರ್ದು. ಹಿಂದೆ ಜನ ಕೂತವ್ರೆ."

ಮಗಳಿಗೆ ಆಗ ಅರ್ಥವಾಯಿತು. ಸೆರಗು ಬಾಯಿಗೆ ಹಿಡಿದಳು. ಅವಳ ಅಮ್ಮ ಕಾಫಿ ತಂದು ಗಂಡನ ಕೈಗೇ ಲೋಟ ಕೊಟ್ಟು ಪಕ್ಕದಲ್ಲಿ ಕೂತರು. ಸ್ಕ್ರೀನಿನಲ್ಲಿ ಬಿಸಿಲು ಧಗಧಗ ಅನ್ನುತ್ತಿತ್ತು, ಇಂಡಿಕೇಟರ್ ಟಕ್ ಟಕ್ ಅನ್ನುತ್ತಿತ್ತು, ನಾವೆಲ್ಲ ಮಂಜು ಕರಗಲಿ ಅಂತ ಕಾಯುತ್ತಿದ್ದೆವು. ಅರ್ಧ ಗಂಟೆ ಆಗಿರಬೇಕು. ಅಲ್ಲಿ ಕೂರಲಾರದೆ ನಾನು ಮೆಲ್ಲಗೆ ಚೀಲ ಎತ್ತಿಕೊಂಡೆ.

ಅವರು ತಿರುಗಲೂ ಇಲ್ಲ. "ಅರ್ಜೆಂಟಿದ್ರೆ ಇಳ್ಕೊಳಪ್ಪಾ," ಅಂದರು. "ಹಿಂದ್ಗಡೆ ಇನ್ನೊಂದು ಗಾಡಿ ಬತ್ತೈತೆ. ಖಾಲಿ ಇರ್ತದೆ, ಸೀಟು ಸಿಗ್ತದೆ."