ನೂರು ಬೀಜಕ್ಕೆ ನೂರ ನಾಲ್ಕು ಪೈರು

ಆ ನಾಲ್ಕು ಟ್ರೇಗಳನ್ನು ತನ್ನ ಕೈಯಲ್ಲದೆ ಇನ್ನೊಂದು ಕೈ ಮುಟ್ಟುವುದಿಲ್ಲ ಎಂದು ಗೌತಮಿ ಘೋಷಿಸಿದ್ದು ಹೆಮ್ಮಿಗೆಯ ಮನೆಯ ಜಗುಲಿಯಲ್ಲಿ, ಗಂಡ ಪುಟ್ಟರಾಜುವಿನ ಎದುರಿಗೆ, ಅತ್ತೆ ಕೆಂಪಾಜಮ್ಮನ ಸಮಕ್ಷಮದಲ್ಲಿ. 2006ರ ಜುಲೈ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ.

ಗೌತಮಿ ಹಾಲೆಂಡಿನಲ್ಲಿ ಬೀಜ ವಿಜ್ಞಾನ ಓದುತ್ತಿದ್ದಳು. ಎರಡು ವರ್ಷದ ಸ್ಕಾಲರ್‌ಶಿಪ್ ಮುಗಿದಿತ್ತು. ಕೊನೆಯ ವರ್ಷದ ಓದಿಗೆ ಆಸರೆ ಎಂದರೆ ಅಲ್ಲಿನ ಬೀಜದ ಕಂಪನಿಯೊಂದರ ಅರ್ಧ ದಿನದ ಕೆಲಸ. ರಜೆಗೆಂದು ಊರಿಗೆ ಹೊರಟಾಗ ಕಂಪನಿ ಕೆಲಸವನ್ನೂ ಜೊತೆಗೆ ಕಳಿಸಿತು. ಹಳೆಯ ಭತ್ತದ ಬೀಜ ಬಿಸಿಲು ನಾಡಿನ ಮಣ್ಣಿನಲ್ಲಿ ಎಷ್ಟು ಮೊಳೆಯುತ್ತದೆ, ಎಷ್ಟು ಸಾಯುತ್ತದೆ ಎಂದು ಲೆಕ್ಕ ಕೊಡಬೇಕು. ಒಂದು ಟ್ರೇಗೆ ಹತ್ತು ಸಾಲು, ಸಾಲಿಗೆ ಹತ್ತು ಬೀಜ. ಒಂದನೆಯ ಟ್ರೇಯಲ್ಲಿ ಈ ವರ್ಷದ ಬೀಜ, ನಾಲ್ಕನೆಯದರಲ್ಲಿ ಆರು ವರ್ಷ ಹಳೆಯದು. ಬೆಳಿಗ್ಗೆ ಎಣಿಸಬೇಕು, ಮಧ್ಯಾಹ್ನ ಬಸ್ಸು ಹಿಡಿದು ತಿ. ನರಸೀಪುರದ ಸೈಬರ್ ಸೆಂಟರಿನಿಂದ ಇಮೇಲ್ ಕಳಿಸಬೇಕು. ಲೆಕ್ಕ ನಂಬುವ ಹಾಗಿದ್ದರೆ ಕೆಲಸ ಮುಂದಿನ ವರ್ಷಕ್ಕೂ ಉಂಟು. ಇಲ್ಲದಿದ್ದರೆ ಕೆಲಸ ಹೋಯಿತು, ಅದರ ಹಿಂದೆಯೇ ಓದೂ ಹೋಯಿತು!

ಗೌತಮಿಯದು ಎಲ್ಲಕ್ಕೂ ಒಂದು ಕ್ರಮ. ಕೋಳಿ ಕೆದಕದಂತೆ ಟ್ರೇಗಳ ಮೇಲೆ ತಂತಿಯ ಜಾಲರಿ ಇಟ್ಟಳು. ಇರುವೆ ಹತ್ತದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದಳು. ಮಳೆಗೆ ಪ್ಲಾಸ್ಟಿಕ್ ಹಾಳೆ. ಕಂಪನಿಯ ಫಾರಮ್ಮಿನಲ್ಲಿ ‘ಪ್ರಯೋಗಕ್ಕೆ ಇರುವ ಅಪಾಯಗಳು’ ಎಂಬ ಕಾಲಮ್ಮಿತ್ತು. ‘ಕೋಳಿ, ಇರುವೆ, ಮಳೆ. ಮೂರನ್ನೂ ನಿವಾರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದಳು.

ಕೆಂಪಾಜಮ್ಮ ಎಲೆ ಅಡಿಕೆ ಜಗಿಯುತ್ತ ಇದನ್ನೆಲ್ಲ ನೋಡುತ್ತಿದ್ದಳು.

“ಅಷ್ಟ್ ದೂರ ಓಗಿ ಓದಿದ್ದು ಮೊಳ್ಕೆ ಎಣ್ಸಕ್ಕೇನವ್ವ?”

“ಎಣಿಸೋದೇ ಕೆಲಸ ಅತ್ತೆಮ್ಮ. ನಾನು ಹೆಂಗ್ ಮಾಡ್ತೀನಿ ಅಂತ ಅವರು ಅಲ್ಲಿಂದಾನೇ ನೋಡ್ತಿರ್ತಾರೆ.”

“ಅಲ್ಲಿಂದ್ಲೇ? ನಾನ್ ಕೂಲಿಗೋಯ್ತಿದ್ದ ಗದ್ದೆ ಯಜಮಾನ್ರು ಬದಿನ್ ಮ್ಯಾಲೆ ನಿಂತ್ಕಂಡು ನೋಡೋರು. ನಿಮ್ಮೋರ್ ಬದು ಬಲೇ ಉದ್ದ ಬುಡು!”

ಆರನೆಯ ದಿನದ ಎಣಿಕೆ: ತೊಂಬತ್ತೈದು, ಎಂಬತ್ತೆರಡು, ಅರವತ್ತೊಂದು, ಇಪ್ಪತ್ತನಾಲ್ಕು. ಹಳೆಯ ಬೀಜ ಹೆಚ್ಚು ಸತ್ತಿತ್ತು. ಶಾಸ್ತ್ರೋಕ್ತವಾಗಿಯೇ ಇತ್ತು. ಆದರೆ ಎಣಿಸುವಾಗ ಹುಬ್ಬು ಗಂಟಿಕ್ಕುವುದು ಗೌತಮಿಯ ಅಭ್ಯಾಸ. ಆ ಗಂಟನ್ನು ಇನ್ನೊಬ್ಬರು ಬೇರೆ ರೀತಿ ಓದಿಕೊಳ್ಳಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಏಳನೆಯ ದಿನ ನಾಲ್ಕನೆಯ ಟ್ರೇಯಲ್ಲಿ ಮೂವತ್ತೆಂಟು. ಎಂಟನೆಯ ದಿನ ಐವತ್ತೇಳು. ಒಂಬತ್ತನೆಯ ದಿನ ಎಂಬತ್ತಮೂರು!

ಗೌತಮಿ ಮೇಜಿನ ಪಕ್ಕದಲ್ಲೇ ಕುಳಿತುಬಿಟ್ಟಳು. ಆರು ವರ್ಷ ಮಲಗಿದ್ದ ಬೀಜಗಳು ತಡವಾಗಿ, ಆದರೆ ಸಾಲುಸಾಲಾಗಿ ಎದ್ದಿದ್ದವು. ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿ! ಬಸ್ಸು ನರಸೀಪುರ ಮುಟ್ಟುವಷ್ಟರಲ್ಲಿ ಅದಕ್ಕೆ ‘ವಿಳಂಬ ಜಾಗೃತಿ’ ಎಂಬ ಹೆಸರನ್ನೂ ಇಟ್ಟಾಗಿತ್ತು. ಕಂಪನಿಯ ಮೇಲಧಿಕಾರಿ ಹೆಂಡ್ರಿಕ್ ಒಂದೇ ಗಂಟೆಯಲ್ಲಿ ಉತ್ತರಿಸಿದ: “ಅದ್ಭುತ. ಶುಕ್ರವಾರ ನಿರ್ದೇಶಕರ ಮುಂದೆ ಇಡುತ್ತೇನೆ. ಎಣಿಕೆ ಖಚಿತ ತಾನೆ?”

“ನನ್ನ ಕೈಯಲ್ಲದೆ ಇನ್ನೊಂದು ಕೈ ಮುಟ್ಟಿಲ್ಲ” ಎಂದು ಗೌತಮಿ ಬರೆದಳು.

ಗುರುವಾರ ಬೆಳಿಗ್ಗೆ ಎಣಿಸಿದರೆ ನೂರ ನಾಲ್ಕು.

ಎಡದಿಂದ ಎಣಿಸಿದಳು, ಬಲದಿಂದ ಎಣಿಸಿದಳು, ಒಂದೊಂದು ಪೈರಿಗೂ ಒಂದೊಂದು ಬೆಂಕಿಕಡ್ಡಿ ಜೋಡಿಸಿ ಎಣಿಸಿದಳು. ನೂರ ನಾಲ್ಕೇ! ನಂಜನಗೂಡಿನಲ್ಲಿ ಗುಮಾಸ್ತನಾಗಿದ್ದ ಪುಟ್ಟರಾಜುವಿಗೆ ಫೋನು ಮಾಡಿದಳು.

“ನೂರಕ್ಕೆ ನೂರ ನಾಲ್ಕಾ? ನನ್ ಎಸ್ಸೆಸ್ಸೆಲ್ಸಿ ಲೆಕ್ಕದ ಪೇಪರು ನಿನ್ ಕೈಗೆ ಸಿಗ್ಬೇಕಿತ್ತು ಕಣೇ!”

“ರೀ, ತಮಾಷೆ ಬೇಡ. ನಾಳೆ ಡೈರೆಕ್ಟರ್‌ಗಳ ಮುಂದೆ ಇಡ್ತಾರಂತೆ. ನನ್ನ ಓದೇ ಇದರ ಮೇಲೆ ನಿಂತಿದೆ.”

“ಸರಿ ಸರಿ, ಇನ್ನೊಂದ್ ಸಲ ಎಣಿಸು. ಕಡ್ಡಿಪೆಟ್ಟಿಗೆ ಸಾಲದಿದ್ರೆ ಹೇಳು, ಶನಿವಾರ ತರ್ತೀನಿ.”

ಮಧ್ಯಾಹ್ನ ಬಸ್ ಸ್ಟಾಪಿಗೆ ಹೋದವಳು ನೋಟ್‌ಬುಕ್ ಮರೆತದ್ದು ನೆನಪಾಗಿ ಹಿಂದಿರುಗಿದಳು. ಜಗುಲಿಯಲ್ಲಿ ಜಾಲರಿ ಪಕ್ಕಕ್ಕೆ ಸರಿದಿತ್ತು. ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು ನಾಲ್ಕನೆಯ ಟ್ರೇಯ ಮೇಲೆ ಬಾಗಿದ್ದಳು. ಎಡಗೈಯಲ್ಲಿ ಎಳೆಯ ಪೈರಿನ ಒದ್ದೆ ಕಂತೆ. ಬಾಡಿದ ಒಂದನ್ನು ಕಿತ್ತು, ಆ ಜಾಗದಲ್ಲಿ ಎರಡನ್ನು ಊರಿ, ಹೆಬ್ಬೆರಳಿನಿಂದ ಮಣ್ಣು ಒತ್ತಿದಳು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

“ಅತ್ತೆಮ್ಮಾ!”

“ಯಾಕವ್ವ, ಬಸ್ ತಪ್ತಾ?”

“ಈ ಪೈರು ಎಲ್ಲಿಂದು?”

“ನಮ್ ಒಟ್ಲಿಂದು. ನಾಟಿಗೆ ಅಂತ ಪೈರ್ ಪಾತಿ ಮಾಡಿ ಬಿತ್ತಿದ್ನಲ್ಲ, ಅದೇ. ನೀನೂ ಅದೇ ವಾರ ಬಿತ್ತಿದ್ದೆ, ಎತ್ರ ಸರ್ಯಾಗ್ ಕೂತದೆ ನೋಡು.”

“ಮೊಳಕೆ ಬರದೆ ಸಂದು ಬಿದ್ದಿರೋದೇ ಲೆಕ್ಕ ಅತ್ತೆಮ್ಮ! ಎಷ್ಟು ಸತ್ತಿದೆ ಅನ್ನೋದೇ ಅವರಿಗೆ ಬೇಕಿರೋದು!”

ಕೆಂಪಾಜಮ್ಮ ಸೊಸೆಯನ್ನು ದಿಟ್ಟಿಸಿದಳು.

“ಸತ್ತಿದ್ನ ಎಣ್ಸಕ್ಕೆ ಯಾರಾರ ಸಂಬ್ಳ ಕೊಟ್ಟಾರಾ? ಮೂವತ್ ವರ್ಸ ಕೂಲಿ ನಾಟಿ ಮಾಡಿವ್ನಿ. ಸಾಲಲ್ಲಿ ಸಂದು ಕಂಡ್ರೆ ನಾಳೀಕ್ ಬರ್ಬ್ಯಾಡ ಅನ್ನೋರು. ನೀನು ದಿನಾ ಬೆಳಗ್ಗೆ ಉಬ್ಬು ಗಂಟಾಕ್ಕಂಡು ನೋಡ್ತಿದ್ದೆ. ನಿನ್ ಕೆಲ್ಸ ಓಯ್ತದೆ ಅನ್ಕಂಡೆ ಕಣವ್ವ.”

ಗೌತಮಿಗೆ ಸಿಟ್ಟು ಬಂದಿತ್ತು. ಆದರೆ ಅದಕ್ಕೆ ಕಾಲೂರಲು ಜಾಗ ಸಿಗಲಿಲ್ಲ. ಒಳಗೆ ಹೋಗಿ ನೋಟ್‌ಬುಕ್ ತೆಗೆದುಕೊಂಡಳು. ಮುಂದಿನ ಬಸ್ಸಿಗೆ ಹೋಗಿ, ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಕುಳಿತು, ಐದು ಸಲ ಅಳಿಸಿ, ಏಳು ಸಾಲಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು. ‘ವಿಳಂಬ ಜಾಗೃತಿ’ ಆದದ್ದು ಬೀಜಕ್ಕಲ್ಲ, ತನಗೇ ಎಂದೂ ಸೇರಿಸಿದಳು.

ಹೆಂಡ್ರಿಕ್‌ನ ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. “ಶುಕ್ರವಾರಕ್ಕೆ ಮುಂಚೆ ಹೇಳಿದಿರಿ, ಅಷ್ಟರಮಟ್ಟಿಗೆ ನಿಮ್ಮ ಮಾತು ನಂಬುತ್ತೇನೆ. ನಿಮ್ಮ ನೌಕರಿ ಉಳಿದಿದೆ. ಮೊದಲಿನಿಂದ ಬಿತ್ತಿರಿ. ಈ ಸಲ ಸಂಬಂಧಪಟ್ಟ ವ್ಯಕ್ತಿ ವಾಸವಿಲ್ಲದ ಮನೆಯಲ್ಲಿ ಟ್ರೇಗಳನ್ನು ಇಡತಕ್ಕದ್ದು.”

ಸಂಬಂಧಪಟ್ಟ ವ್ಯಕ್ತಿ ನಲವತ್ತು ವರ್ಷದಿಂದ ಆ ಮನೆಯ ಯಜಮಾನಿ. ಹಾಗಾಗಿ ಹೊರಡಬೇಕಾದವಳು ಗೌತಮಿಯೇ. ಟ್ರೇಗಳು ನಂಜನಗೂಡಿನ ಪುಟ್ಟರಾಜುವಿನ ಬಾಡಿಗೆ ಮನೆಗೆ ಹೋಗುವುದೆಂದಾಯಿತು. ಹೊಸ ಫಾರಮ್ಮಿನ ಅಪಾಯದ ಕಾಲಮ್ಮಿನಲ್ಲಿ ಅವಳು ಕೋಳಿ, ಇರುವೆ, ಮಳೆಯ ಮುಂದೆ ನಾಲ್ಕನೆಯದಾಗಿ ‘ಹಿರಿಯರು’ ಎಂದು ಬರೆದಳು. ‘ನಿವಾರಿಸಲಾಗಿದೆ’ ಎಂದು ಬರೆಯಲು ಧೈರ್ಯ ಸಾಲಲಿಲ್ಲ.

ಕೆಂಪಾಜಮ್ಮನೇ ಖಾಲಿ ಟ್ರೇಗಳನ್ನು ಹೊತ್ತು ಬಸ್ ಸ್ಟಾಪಿನವರೆಗೆ ಬಂದಳು.

“ಆ ಮನೆ ಓನರಮ್ಮ ಯಾವೂರೋಳವ್ವ?”

“ಕವಲಂದೆ ಅತ್ತೆಮ್ಮ.”

“ಬೇಸಾಯದ್ ಮನೆಯೋಳಾ?”

“ಹೂಂ.”

ಕೆಂಪಾಜಮ್ಮ ಟ್ರೇಗಳನ್ನು ಬಸ್ಸು ಹತ್ತಿದ ಸೊಸೆಯ ಕೈಗೆ ಕೊಟ್ಟು, ಬಸ್ಸಿನ ಕಿಟಕಿಯ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದಳು:

“ಅಂಗಾರೆ ಒಂದ್ ಬೀಗ ತಕಂಡು ಓಗು. ನಾನು ಸಂದು ತುಂಬಿದ್ದಕ್ಕೇ ಇಷ್ಟಾಯ್ತು. ಆ ಕಡೆಯೋರು ಮಳೆ ನಂಬ್ಕಂಡು ರಾಗಿ ಬೆಳ್ಯೋರು, ಭತ್ತ ಎಲ್ಲಾ ಕಳೆ ಅಂತ ಕಿತ್ತಾಕಿ, ರಾಗಿ ನೆಟ್ಟು ಬುಟ್ಟಾರು!”